ಹೊರ್ತಿ ಮಡ್ಡಿಯ ಇರುವೆ

ಏಳನೆಯ ಕಂತು

“ಗೊದ್ದನ ಅಲ್ಲೇನ್ರಿ ಬಾಯಾರ?” ಎಂದು ಪಿಎಸ್‌ಐ ಸುನೀಲಕುಮಾರ ಮೂರನೆಯ ಸಲ ಕೇಳಿದ.

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಉತ್ತರ ಹೇಳಬೇಕಾಗುತ್ತಿತ್ತು.

ಗಾಜಿನ ತಟ್ಟೆಯಲ್ಲಿ ಹದಿನಾಲ್ಕು ಸತ್ತ ಇರುವೆಗಳಿದ್ದವು. ಒಂಬತ್ತು ಓಢಣಿಯ ಮಡಿಕೆಯಲ್ಲಿ ಸಿಕ್ಕವು, ಐದು ಜಡೆಯಲ್ಲಿ. ಹನ್ನೊಂದು ದಿನಗಳ ಹಿಂದೆ ಮನಗೂಳಿಯ ಹತ್ತಿರ ಕಾಲುವೆ ದಂಡೆಯ ಮೇಲೆ ಹೆಣವಾಗಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿನಿ ಪ್ರಜ್ಞಾಳ ಓಢಣಿ, ಪ್ರಜ್ಞಾಳ ಜಡೆ. ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರು ಪುಣ್ಯವಂತರು. ಇರುವೆಗಳನ್ನು ಕೊಡವಿ ಬಿಸಾಡದೆ ಕಾಗದದಲ್ಲಿ ಕಟ್ಟಿ, ಮೇಲೆ ನಂಬರು ಬರೆದು ಕೊಟ್ಟಿದ್ದರು.

“ಗೊದ್ದ ಅಂದ್ರ ದಪ್ಪ ಕರಿ ಇರುವಿ, ಅದಕ್ಕ ಇಷ್ಟುದ್ದ ಕಾಲಿರೂದಿಲ್ಲ,” ಎಂದೆ. “ಬಾ, ನೀನೂ ನೋಡು. ಬಾಯಿ ಕೆಳಗ ಗಡ್ಡದಂಗ ಕೂದಲ ಅದಾವಲ್ಲ, ಅವು ಉಸುಕು ಹೊರಲಿಕ್ಕೆ. ಕರಿ ಮಣ್ಣಿನ ಎರಿ ಹೊಲದಾಗಿನ ಇರುವಿಗೆ ಇಂಥಾ ಗಡ್ಡ ಯಾತಕ್ಕ ಬೇಕು?”

ಸುನೀಲಕುಮಾರ ಟೋಪಿ ತೆಗೆದು ಬಗ್ಗಿದ. ಎಂಟನೆಯ ಇಯತ್ತೆಯಲ್ಲಿ ನನ್ನ ಕೈಯಿಂದ ಪೆಟ್ಟು ತಿಂದ ಹುಡುಗ ಅವನು, ಹಾಗಾಗಿ ನನ್ನ ಮುಂದೆ ಸಾಹೇಬಗಿರಿ ನಡೆಯುವುದಿಲ್ಲ. ಮೂವತ್ತೆರಡು ವರ್ಷ ನಾನು ಸಿಂದಗಿಯಲ್ಲಿ ವಿಜ್ಞಾನ ಕಲಿಸಿದೆ. ಪಿಂಚಣಿ ಬಂದ ಮೇಲೆ ನನ್ನ ಓರಗೆಯವರೆಲ್ಲ ಜಪಮಾಲೆ ಹಿಡಿದರು, ನಾನು ಇರುವೆ ಹಿಡಿದೆ. ಸಾವಿತ್ರೀಬಾಯಿಗೆ ಅರಳುಮರಳು ಎಂದು ನಕ್ಕವರೂ ಇದ್ದಾರೆ. ನಗಲಿ ಬಿಡಿ.

“ಯಾವ ಊರಿಂದರಿ ಅದು?” ಎಂದು ಹೊಸ್ತಿಲಿನಿಂದ ಗುರಪ್ಪ ಕೇಳಿದ.

ಹೆಣ್ಣು ನೋಡಲು ಬಂದವರ ಊರು ಕೇಳುವ ಹಾಗೆ ಕೇಳಿದ. ಬೆಳಗಿನಿಂದ ಅಲ್ಲೇ ಕೂತಿದ್ದ ಪ್ರಜ್ಞಾಳ ಅಪ್ಪ. ಒಳಗೆ ಬಂದು ಖುರ್ಚಿಯ ಮೇಲೆ ಕೂಡು ಎಂದು ನಾನು ನಾಲ್ಕು ಸಲ ಅಂದರೂ ಹೊಸ್ತಿಲು ದಾಟಲಿಲ್ಲ. ಅವನ ಸಂಕೋಚವೆಂದು ಹೇಳಿ ನಾನು ಪಾರಾಗಬಹುದು. ಆದರೆ ನಮ್ಮಂಥವರ ಮನೆಗಳು ಅವನಂಥವರಿಗೆ ಕಲಿಸಿದ ಪಾಠ ಅದು.

ಗುರಪ್ಪ ಕನ್ನೊಳ್ಳಿಯ ಪಂಚಾಯ್ತಿಯಲ್ಲಿ ವಾಟರ್‌ಮನ್. ಬೆಳಗಾದರೆ ವಾಲ್ವ್ ತಿರುವಿ ಊರಿಗೆಲ್ಲ ನೀರು ಬಿಡುವವನು.

“ಇದು ಮರುಭೂಮಿ ಇರುವಿ, ಗುರಪ್ಪಾ. ಪುಸ್ತಕದಾಗ ಕೆಟಾಗ್ಲಿಫಿಸ್ ಅಂತಾರ. ರಾಜಸ್ಥಾನ, ಕಛ್ ಕಡೀದು. ನಾ ನೋಡಿದ್ದೂ ಅಲ್ಲಿಂದ ಗೆಳತಿ ಒಬ್ಬಾಕಿ ಕಳಿಸಿದ ಬಾಟ್ಲಿಯೊಳಗ ಅಷ್ಟ.”

“ಮತ್ತ ನನ್ನ ಮಗಳ ಜಡಿಯಾಗ ಹೆಂಗ ಬಂತ್ರಿ?”

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಒಂದು ತಿಂಗಳ ಹಿಂದೆ ಪ್ರಜ್ಞಾ ಇದೇ ಮೇಜಿನ ಮುಂದೆ ನಿಂತು ಹೇಳಿದ್ದಳು. ಬಾಯಾರ, ಹೊರ್ತಿ ಮಡ್ಡಿ ಮ್ಯಾಲ ಒಂದು ಇರುವಿ ನೋಡೇನ್ರಿ, ಹಿಂದಿನ ಹೊಟ್ಟಿ ಮ್ಯಾಲೆತ್ಕೊಂಡು ಓಡತೈತಿ, ಕಣ್ಣಿಗೆ ಹತ್ತೂದ ಇಲ್ಲ, ನಡು ಮಧ್ಯಾಹ್ನ ಅಷ್ಟ ಹೊರಗ ಬರತೈತಿ. ನಾನು ನಕ್ಕಿದ್ದೆ. ಹಿಡಿದು ತಾ, ಆಮೇಲೆ ಮಾತಾಡೋಣ ಎಂದಿದ್ದೆ.

ಹೊರ್ತಿ ಆಚೆಯ ಮಡ್ಡಿ ಎಂದರೆ ಮುರುಮು, ಉಸುಕು, ಬೆಂಚಿಕಲ್ಲು. ಕೂತುಕೊಳ್ಳಲು ಒಂದು ಗಿಡದ ನೆರಳಿಲ್ಲ. ಪ್ರಜ್ಞಾಳ ಎಂಎಸ್ಸಿ ಪ್ರಾಜೆಕ್ಟೇ ಅದು. ನೀರು ಕಾಣದ ಹೊರ್ತಿ ಮಡ್ಡಿಯಲ್ಲಿ ಯಾವ ಇರುವೆ, ಕಾಲುವೆ ಬಂದ ಮನಗೂಳಿ ಎರಿಯಲ್ಲಿ ಯಾವ ಇರುವೆ.

“ನಿನ್ನೆ ಕಾಲುವೆ ದಂಡೆ ಮ್ಯಾಲ ನಾವು ಮೂರೂ ಮಂದಿ ನಿಂತಿದ್ದಿವಿ,” ಎಂದೆ ಸುನೀಲಕುಮಾರನಿಗೆ. “ಬೆಲ್ಲ ಇಟ್ಟಿವಿ, ಸತ್ತ ಮಿಡತಿ ಇಟ್ಟಿವಿ, ಹನ್ನೊಂದರಿಂದ ಮೂರರ ತನಕ ಕಾದಿವಿ. ಎಷ್ಟು ನಮೂನಿ ಇರುವಿ ಬಂದ್ವು?”

“ಆರ್ರಿ.”

“ಅದರಾಗ ಇದು ಇತ್ತೇನು?”

“ಇರ್ಲಿಲ್ರಿ.”

“ಒದ್ದಿ ನೆಲದಾಗ ಇದು ಗೂಡು ಮಾಡೂದಽ ಇಲ್ಲ.”

ಸುನೀಲಕುಮಾರ ಪೆನ್ನು ತೆಗೆದ. “ಅಂದ್ರ ಆಕಿ ಅವತ್ತ ಹೊರ್ತಿ ಮಡ್ಡಿಗೆ ಹೋಗಿದ್ಳು. ಅಲ್ಲಿ ಮೈಗೆ ಹತ್ತಿದ್ವು, ಹಂಗ ಮನಗೂಳಿಗೆ ಬಂದ್ಳು. ಇಷ್ಟ ಆದ್ರ ಕೇಸ್ ಏನೂ ಬದಲ್ ಆಗೂದಿಲ್ರಿ.”

“ಇದು ನಡದಾಡೂ ಮನಿಶಾರ ಮೈ ಹತ್ತೂದಿಲ್ಲ, ಸುನೀಲ. ನೆಲಾ ಕಾದು ಹಂಚಾದಾಗ ಉಳಿದ ಇರುವಿ ಎಲ್ಲಾ ಒಳಗ ಹೊಕ್ಕೊಂತಾವ. ಇದು ಅವಾಗ ಹೊರಗ ಬೀಳತದ. ಬಿಸಲಿಗೆ ಸತ್ತ ಹುಳಾ ಹುಪ್ಪಡಿ ಎಳಕೊಂಡು ಹೋಗ್ತದ. ಅಲುಗಾಡೂದು ಕಂಡ್ರ ಓಡಿ ಹೋಗ್ತದ. ಅಲುಗಾಡದಽ ಬಿದ್ದದ್ದು...”

ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ. ಪಾಠ ಹೇಳುವ ಚಟ ಕೆಟ್ಟದ್ದು, ಎದುರಿಗೆ ಯಾರು ಕೂತಿದ್ದಾರೆ ಎಂಬುದೇ ಮರೆತು ಹೋಗುತ್ತದೆ.

ಗುರಪ್ಪ ಮುಖ ಮುಚ್ಚಿಕೊಳ್ಳಲಿಲ್ಲ. “ಹೇಳ್ರಿ ಬಾಯಾರ,” ಎಂದ. “ನಾ ಕೇಳಾಕ ಬಂದೇನಿ.”

“ಹದಿನಾಲ್ಕು ಇರುವಿ ಅಂದ್ರ ಆಕಿ ಆ ಮಡ್ಡಿ ಮ್ಯಾಲ, ನಡು ಬಿಸಲಾಗ, ಅಲುಗಾಡದಽ ಮಲಗಿದ್ಲು, ಗುರಪ್ಪಾ. ಭಾಳ ಹೊತ್ತು.”

ಕಾಲೇಜು ಓದುವ ಹುಡುಗಿ, ಹೆಗಲ ಚೀಲದ ತುಂಬ ಬಾಟಲಿ ಗಿಲಿಗಿಲಿ ಅನಿಸಿಕೊಂಡು ಓಡಾಡುತ್ತಿದ್ದವಳು.

“ಅಂದ್ರ ವಿಷಾ ಅಲ್ರಿ?” ಎಂದ ಗುರಪ್ಪ.

“ಅಲ್ಲ, ಬಿಸಲು ಬಡದದ.”

“ಅದನ್ನ ಕಾಗದದ ಮ್ಯಾಲ ಬರೀರಿ ಸಾಹೇಬ್ರ,” ಎಂದು ಅವನು ಸುನೀಲಕುಮಾರನ ಕಡೆ ತಿರುಗಿದ. “ನನ್ನ ಮಗಳು ತಿರುಗಿ ಬರೂದಿಲ್ಲ, ಅದು ನನಗ ಗೊತ್ತೈತ್ರಿ. ಎಲ್ಲಿ ಸತ್ಳು, ಹೆಂಗ ಸತ್ಳು, ಬಾಜೂಕ ಯಾರಿದ್ರು, ಇಷ್ಟ ಬರ್ಲಿ. ವಿಷಾ ಅನ್ನೂ ಮಾತು ಹೋಗ್ಲಿ. ರೇಣವ್ವ ಮನಿ ಬಿಟ್ಟು ಹೊರಗ ಬರವಲ್ಲಳ್ರಿ. ಊರಿಗೆಲ್ಲಾ ನೀರ ಬಿಡಾಂವ ನಾನು, ನನ್ನ ಹೇಣ್ತಿಗೆ ನಳದ ಮುಂದ ನಿಂದ್ರಾಕ ಆಗವಲ್ದು.”

ಊರ ಬಾಯಿಗೆ ಮುಚ್ಚಳವಿಲ್ಲ. ಲ್ಯಾಬಿನ ವರದಿ ಬರಲು ಇನ್ನೂ ಎರಡು ತಿಂಗಳು ಬೇಕು, ಅಷ್ಟರೊಳಗೆ ಊರು ವಿಷ ಕುಡಿಸಿ, ಪ್ರೀತಿ ಕಟ್ಟಿ, ಹುಡುಗನನ್ನೂ ಹುಡುಕಿ ಮುಗಿಸಿತ್ತು. ಆ ಹುಡುಗ ಮುತ್ತು ಎಂಬವನು ಅವಳ ಕ್ಲಾಸಿನವನು. ಅವತ್ತು ಇಡೀ ದಿನ ಮುದ್ದೇಬಿಹಾಳದಲ್ಲಿ ಅಕ್ಕನ ಮದುವೆಯ ಊಟ ಬಡಿಸುತ್ತಿದ್ದ. ಅಷ್ಟೂ ಫೋಟೋದಲ್ಲಿ ಸೌಟು ಹಿಡಿದು ನಿಂತಿದ್ದಾನೆ. ಆದರೂ ಪಾಪ, ಮೂರು ದಿನ ಠಾಣೆಯಲ್ಲಿ ಕೂತು ಬಂದ.

“ಸೋಮವಾರ ಮ್ಯಾಲಿನ ಸಾಹೇಬ್ರು ಆತ್ಮಹತ್ಯೆ ಅಂತ ವರದಿ ಕಳಸ್ತಾರ್ರಿ,” ಎಂದ ಸುನೀಲಕುಮಾರ. “ಇವತ್ತ ಶನಿವಾರ. ಇರುವಿ ಮಾತು ನಾ ಹೇಳಿದ್ರ ನಗ್ತಾರ. ಮನಿಶಾ ಬೇಕ್ರಿ, ಮನಿಶಾ.”

“ಮನಿಶಾ ಇದ್ದಾನಲ್ಲ. ಸಂಜಿ ನಾಲ್ಕಕ್ಕ ಆಕಿನ್ನ ಮನಗೂಳಿ ಕ್ರಾಸಿನ್ಯಾಗ ಕಾರಿನಿಂದ ಇಳಿಸಿದೆ, ಚಲೋನ ಇದ್ಲು ಅಂತ ಬರದು ಕೊಟ್ಟಾಂವ.”

ಸುನೀಲಕುಮಾರ ತಲೆ ತಗ್ಗಿಸಿದ. ನನ್ನ ಮುಂದೆ ಆ ಹೆಸರು ಹೇಳಲು ಅವನಿಗೆ ಮುಜುಗರ. ಹೆಸರು ಶ್ರೀವಲ್ಲಭ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ಪ್ರಜ್ಞಾಳ ಪ್ರಾಜೆಕ್ಟಿಗೆ ಗೈಡ್, ತೀರಿಹೋದ ನನ್ನ ಅಕ್ಕನ ಮಗ, ನನ್ನನ್ನು ಮಾವಶಿ ಎಂದು ಕರೆಯುವವನು.

“ಆದ್ರ ಬಾಯಾರ, ಮಧ್ಯಾಹ್ನ ಸರ್ ಇಂಡಿಯೊಳಗ ಮನ್ಯಾಗ ಇದ್ರು ಅಂತ ನೀವ ಸಾಕ್ಷಿ ಹೇಳೀರಿ.”

ಹೇಳಿದ್ದೆ, ಅದು ಖರೆಯೂ ಹೌದು. ಅವತ್ತು ನನ್ನ ಅಕ್ಕನ ತಿಥಿ. ಬೆಳಗಿನ ಬಸ್ಸಿಗೆ ಇಂಡಿಗೆ ಹೋಗಿ ಮಡಿಯಲ್ಲಿ ಅಡಿಗೆಗೆ ನಿಂತವಳು ನಾನೇ. ಒಂದೂ ಕಾಲಿನಿಂದ ಮೂರರ ತನಕ ವಲ್ಲಭ ಒದ್ದೆ ಪಂಚೆ ಉಟ್ಟು ನನ್ನ ಕಣ್ಣ ಮುಂದೆ ಪಿಂಡ ಇಡುತ್ತಿದ್ದ. ಅದಕ್ಕೇ ಹನ್ನೊಂದು ದಿನ ನನ್ನ ಮನಸ್ಸು ಅವನ ಕಡೆ ಹೊರಳಲಿಲ್ಲ.

“ಮಧ್ಯಾಹ್ನದಾಗ ಮಡ್ಡಿ ಮ್ಯಾಲ ಸತ್ತಾಕಿ ನಾಲ್ಕಕ್ಕ ಕಾರಿನಿಂದ ಇಳೀಲಿಕ್ಕೆ ಆಗೂದಿಲ್ಲ,” ಎಂದೆ. “ಯಾಕ ಸುಳ್ಳು ಹೇಳಿದಾ, ಕೇಳೂಣ ನಡೀರಿ.”

ಇಂಡಿ ಮುಟ್ಟುವಾಗ ನಾಲ್ಕು ದಾಟಿತ್ತು. ದಾರಿಯುದ್ದಕ್ಕೂ ಗುರಪ್ಪ ಜೀಪಿನ ಹಿಂದಿನ ಸೀಟಿನಲ್ಲಿ ಕಿಟಕಿ ಹಿಡಿದು ಕೂತಿದ್ದ.

ಬಾಗಿಲು ತೆರೆದವಳು ವಲ್ಲಭನ ಹೆಂಡತಿ ರಂಜನಾ. ಪೊಲೀಸ್ ಜೀಪು ಕಂಡು ಅವಳ ಕೈ ಬಾಗಿಲ ಮೇಲೆಯೇ ಉಳಿಯಿತು. ಹತ್ತು ನಿಮಿಷ ನನಗೆ ಬಿಡು ಎಂದು ಸುನೀಲಕುಮಾರನಿಗೆ ಹೇಳಿ ಒಳಗೆ ಹೋದೆ. ಅವನೂ ಗುರಪ್ಪನೂ ಪಡಸಾಲೆಯಲ್ಲಿ ಕೂತರು.

ವಲ್ಲಭ ಒಳಕೋಣೆಯಲ್ಲಿದ್ದ. ನಾಲ್ಕು ದಿನದ ಗಡ್ಡ, ಮೇಜಿನ ಮೇಲೆ ತಿದ್ದದ ಉತ್ತರಪತ್ರಿಕೆಗಳ ರಾಶಿ.

“ಬಾ ಮಾವಶಿ.”

“ಕೂಡ್ಲಿಕ್ಕೆ ಬಂದಿಲ್ಲ. ಪ್ರಜ್ಞಾನ್ನ ಎಷ್ಟಕ್ಕ ಇಳಿಸಿದಿ?”

“ನಾಲ್ಕಕ್ಕ. ಬರದು ಕೊಟ್ಟೇನಲ್ಲ.”

“ಇಳಿಸಿ ತಿರುಗಿ ಬಂದ್ಯಾ?”

“ಇಲ್ಲ, ಐದರ ತನಕ ಅಲ್ಲೇ ಇದ್ದೆ. ಕಾಲುವಿ ದಂಡಿ ಮ್ಯಾಲ ಇರುವಿ ಹಿಡದ್ಲು. ಬಾಟ್ಲಿ ನನ್ನ ಕೈಯಾಗ ಕೊಟ್ಟು, ಸರ್ ಲ್ಯಾಬಿನ್ಯಾಗ ಇಡ್ರಿ, ನಾ ಬಸ್ಸಿಗೆ ಹೋಗ್ತೇನಿ ಅಂದ್ಲು. ಆಮ್ಯಾಲ ಏನಾತೋ ನನಗ ಗೊತ್ತಿಲ್ಲ.”

“ಬಾಟ್ಲಿ ಅದ?”

ಇದೆ ಎಂದು ಕಪಾಟು ತೆರೆದ. ಕೇಳಿದ್ದು ಒಳ್ಳೆಯದೇ ಆಯಿತೆಂಬಂತೆ ತೆರೆದ. ನನ್ನ ಕೈಗೆ ಕೊಟ್ಟದ್ದು ಹೋಮಿಯೋಪತಿ ಮಾತ್ರೆಯ ಪುಟ್ಟ ಗಾಜಿನ ಬಾಟಲಿ. ಅಂಥ ನೂರು ಖಾಲಿ ಬಾಟಲಿ ತೊಳೆದು ಒಣಗಿಸಿ ಪ್ರಜ್ಞಾಳಿಗೆ ಕೊಟ್ಟವಳು ನಾನೇ. ಒಳಗೆ ಸ್ಪಿರಿಟ್, ಸ್ಪಿರಿಟ್ಟಿನಲ್ಲಿ ಮೂರು ಇರುವೆ, ಪೆನ್ಸಿಲಿನಲ್ಲಿ ಬರೆದ ಚೀಟಿ. ಮನಗೂಳಿ ಕಾಲುವೆ ದಂಡೆ, ಸಂಜೆ 4:50, ಸಂಗ್ರಹ ಪ್ರಜ್ಞಾ ಗು. ಕನ್ನೊಳ್ಳಿ.

ಕಿಟಕಿಯ ಬೆಳಕಿಗೆ ಹಿಡಿದು ಸೆರಗಿನಲ್ಲಿದ್ದ ಕೈಗಾಜು ತೆಗೆದೆ. ಉದ್ದ ಕಾಲು, ಬಾಯಿಯ ಕೆಳಗೆ ಗಡ್ಡ.

“ವಲ್ಲಭಾ, ಇದು ಯಾವ ಇರುವಿ?”

ಅವನು ಕಪಾಟಿನ ಬಾಗಿಲು ಹಾಕಿದ.

“ನಿನಗೂ ಗೊತ್ತದ, ನನಗೂ ಗೊತ್ತದ. ಸಂಜಿ ಐದಕ್ಕ ಇದು ಗೂಡಿನ್ಯಾಗ ಇರತದ. ಕಾಲುವಿ ದಂಡಿಗೆ ಜನ್ಮದಾಗ ಬರೂದಿಲ್ಲ. ಒಂದು ಗೊದ್ದ ಹಿಡದು ಈ ಬಾಟ್ಲಿಯೊಳಗ ಹಾಕಿದ್ರ ನಾ ಏನೂ ಕೇಳ್ತಿರ್ಲಿಲ್ಲ. ಇಲ್ಲಾ ದಾರ್ಯಾಗ ಕಾರಿನ ಕಿಡಕಿಯಿಂದ ಒಗದಿದ್ರ ಆಗ್ತಿತ್ತು. ಯಾಕ ಒಗೀಲಿಲ್ಲ?”

ಯಾಕೆ ಒಗೆಯಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಈ ಇರುವೆಯನ್ನು ಅಲ್ಲಿಯತನಕ ಯಾರೂ ಹಿಡಿದಿರಲಿಲ್ಲ. ಇರುವೆಯ ಹುಚ್ಚು ಹತ್ತಿದವರು ಹೆಣ ಸಾಗಿಸಿಯಾರು, ಇಂಥ ಬಾಟಲಿಯನ್ನು ಬೇಲಿಗೆ ಬಿಸಾಡಲಾರರು. ಆ ಹುಚ್ಚು ಹತ್ತಿಸಿದವಳೂ ನಾನೇ. ಹತ್ತು ವರ್ಷದ ವಲ್ಲಭನಿಗೆ ಬೇಸಿಗೆ ರಜೆಯಲ್ಲಿ ಕೈಗಾಜು ಕೊಡಿಸಿದ್ದೆ.

“ಆಕಿ ಹಿಡದದ್ದು ಅದು,” ಎಂದ ಕಡೆಗೆ. “ಆಕಿ ಹೆಸರಿಲೆ ಉಳೀಲಿ ಅಂದೆ.”

“ಆಕಿ ಹೆಸರು ಉಳಿಸಿ ಊರ ಹೆಸರು ಸುಳ್ಳು ಬರದಿ.”

ಅವನ ಅಳು ಆಗ ಒಡೆಯಿತು. ಗಂಡಸರ ಅಳು ನೋಡಲಾಗುವುದಿಲ್ಲ, ಅದೂ ಎತ್ತಿ ಆಡಿಸಿದ ಹುಡುಗ ಅಳುವಾಗ. ನನಗೂ ಕಣ್ಣು ತುಂಬಿದವು, ಆದರೆ ನಾನು ಹತ್ತಿರ ಹೋಗಿ ತಲೆ ನೇವರಿಸಲಿಲ್ಲ. ಹೊರಗೆ ಕೂತವನ ನೆನಪು ನನ್ನನ್ನು ಅಲ್ಲೇ ನಿಲ್ಲಿಸಿತು.

“ನಾ ಕೊಂದಿಲ್ಲ ಮಾವಶಿ.”

“ಎತ್ತಿ ತಂದು ದಂಡಿ ಮ್ಯಾಲ ಒಗದಾಂವ?”

“ನಾನಽ. ಕತ್ತಲಾಗೂ ತನಕ ಕಾರಿನ್ಯಾಗ ಹಿಂದ ಮಲಗಿಸಿಕೊಂಡು ತಿರುಗಿದೆ. ಎಲ್ಲಿ ಹೋಗ್ಬೇಕು ತಿಳೀಲಿಲ್ಲ. ಆಕಿ ವಹಿಯೊಳಗ ಎರಡ ಜಾಗಾ ಇದ್ವು, ಹೊರ್ತಿ, ಮನಗೂಳಿ. ಮನಗೂಳಿಗೆ ಹೋದೆ. ಆಕಿ ಫೋನು ಕಾಲುವಿಗೆ ಒಗದೆ.”

“ಹೊರ್ತಿಯೊಳಗ ಏನಾತು?”

“ಆಕಿ ಮುಂಜಾನೆ ಒಬ್ಬಾಕಿನ ಬಸ್ಸಿಗೆ ಹೋಗಿದ್ಲು. ತಿಥಿ ಮುಗಿಸಿ ನಾ ಹೋದೆ. ನಾಲ್ಕಕ್ಕ ಮುಟ್ಟಿದೆ. ಮೈ ಸುಡತಿತ್ತು, ಜೀವಂತ ಇದ್ದಾಳ ಅಂದ್ಕೊಂಡೆ. ಉಸುರ ಇರ್ಲಿಲ್ಲ. ಬಿಸಲಾಗ ಹುಡುಗೇರನ್ನ ಒಬ್ಬೊಬ್ಬರ್ನ ಕಳಿಸೂದಿಲ್ಲ ಅಂತ ಕಾಲೇಜಿಗೆ ಸಹಿ ಮಾಡಿ ಕೊಟ್ಟೇನಿ. ನೌಕರಿ ಹೋಗ್ತದ, ಜನ ಏನೇನೋ ಆಡ್ತಾರ, ರಂಜನಾ ಏನ್ ತಿಳ್ಕೊಂತಾಳ, ಇಷ್ಟ ತಲ್ಯಾಗ ಬಂತು.”

“ಒಬ್ಬಾಕಿನ ಹೋಗಿದ್ಳೇನ್ರಿ ಸರ?”

ಬಾಗಿಲಲ್ಲಿ ಗುರಪ್ಪ ನಿಂತಿದ್ದ, ಅವನ ಹಿಂದೆ ಸುನೀಲಕುಮಾರ. ಯಾವಾಗಿನಿಂದ ನಿಂತಿದ್ದರೋ ಗೊತ್ತಿಲ್ಲ. ಇವತ್ತು ಗುರಪ್ಪ ಎರಡು ಹೊಸ್ತಿಲು ದಾಟಿ ಬಂದಿದ್ದ.

ವಲ್ಲಭ ಅವನ ಮುಖ ನೋಡಲಿಲ್ಲ. “ಒಬ್ಬಾಕಿನ,” ಎಂದ.

“ಬಾಜೂಕ ಯಾರೂ ಇರ್ಲಿಲ್ರಿ?”

“ಯಾರೂ ಇರ್ಲಿಲ್ಲ.”

ಗುರಪ್ಪ ತಲೆಯಾಡಿಸಿದ. ಅದನ್ನು ಒಪ್ಪಿಕೊಂಡೇ ಬಿಟ್ಟ ಎನಿಸಿತು. ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತ ನಿಂತ. ನಾನು ಅಲ್ಲಿಗೇ ಬಿಟ್ಟಿದ್ದರೆ, ಮಗಳು ಒಬ್ಬಳೇ ಸತ್ತಳೆಂಬ ಮಾತನ್ನು ಅವನು ಸೋಮವಾರ ಕಾಗದದ ಮೇಲೆ ಬರೆಸಿಕೊಂಡು, ಕನ್ನೊಳ್ಳಿಗೆ ಹೋಗಿ ರೇಣವ್ವನಿಗೆ ಓದಿ ಹೇಳುತ್ತಿದ್ದ.

ನಾನು ಬಾಟಲಿಯ ಮುಚ್ಚಳ ತಿರುವಿದೆ.

“ಒಳಗಿನ ಚೀಟಿ ಬದಲಿ ಮಾಡೀದಿ,” ಎಂದೆ ವಲ್ಲಭನಿಗೆ. “ಅರಳಿ ತಗದು ನೋಡಿದ್ಯಾ?”

“ಯಾವ ಅರಳಿ?”

ಯುನಿವರ್ಸಿಟಿಯಲ್ಲಿ ಕಲಿತವರಿಗೆ ಇದು ಗೊತ್ತಿರುವುದಿಲ್ಲ, ಅವರ ಬಾಟಲಿಗೆ ಬಿಗಿ ಮುಚ್ಚಳ ಇರುತ್ತದೆ. ಈ ಮಾತ್ರೆ ಬಾಟಲಿಗಳು ಸೋರುತ್ತವೆ, ಅದಕ್ಕೆ ಮುಚ್ಚಳದ ಒಳಗೆ ಅರಳೆ ತುರುಕಬೇಕು, ತೆರೆದರೆ ಅದು ಮುಚ್ಚಳಕ್ಕೇ ಅಂಟಿ ಬರುತ್ತದೆ. ಶಾಲೆಯ ಮಕ್ಕಳಿಗೆ ನಾನು ಒಂದು ರೂಢಿ ಹಾಕಿದ್ದೆ. ಒಳಗಿನ ಚೀಟಿ ಎಂದಾದರೂ ಕರಗೀತು, ಅರಳೆಯೊಳಗೆ ಇನ್ನೊಂದು ಸುತ್ತಿ ಇಡಿ. ಎಲ್ಲರೂ ಎರಡು ದಿನ ಮಾಡಿ ಬಿಟ್ಟರು. ಎಂಎಸ್ಸಿಗೆ ಬಂದರೂ ಬಿಡದವಳು ಪ್ರಜ್ಞಾ ಒಬ್ಬಳೇ.

ಅರಳೆ ಬಿಚ್ಚಿದೆ. ಬೆರಳುದ್ದದ ಚೀಟಿ, ಬೀಡಿಯಂತೆ ಸುತ್ತಿದ್ದು. ಅವಳದೇ ಪೆನ್ಸಿಲು, ಅವಳದೇ ಗುಂಡು ಅಕ್ಷರ. ಮೊದಲ ಸಾಲು ಅಚ್ಚುಕಟ್ಟಾಗಿತ್ತು, ಕೆಳಗೆ ಹೋದಂತೆ ಅಕ್ಷರಗಳು ದೊಡ್ಡವಾಗಿ ಒಂದರ ಮೇಲೊಂದು ಹತ್ತಿದ್ದವು.

ಒಂದು ಸಲ ಓದಿದೆ, ಮತ್ತೆ ಮೊದಲಿನಿಂದ ಓದಿದೆ.

“ಏನ್ ಬರದಾಳ್ರಿ?” ಎಂದ ಗುರಪ್ಪ. ಕೈ ಚಾಚಿದ. ಏಳನೆಯ ಇಯತ್ತೆ ಪಾಸಾದವನು, ಮಗಳ ಅಕ್ಷರ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಚೀಟಿಯನ್ನು ಬೆಳಕಿಗೆ ಹಿಡಿದು ನಿಧಾನ ಓದಿದ.

“ಹೊರ್ತಿ ಮಡ್ಡಿ. ಹನ್ನೆರಡು ಇಪ್ಪತ್ತು. ಹಿಡಿದವರು ಪ್ರಜ್ಞಾ. ನೋಡಿದವರು ಶ್ರೀವಲ್ಲಭ ಸರ್.”

ಸುನೀಲಕುಮಾರ ಒಂದು ಹೆಜ್ಜೆ ಮುಂದೆ ಬಂದ. ವಲ್ಲಭ ಖುರ್ಚಿಯ ಬೆನ್ನು ಹಿಡಿದುಕೊಂಡ.

“ಸರ್ ನೀರಿಗೆ ಹೋದರು, ಹನ್ನೆರಡು ಮೂವತ್ತೈದು,” ಎಂದು ಗುರಪ್ಪ ಓದಿದ. “ಒಂದು ಹತ್ತು, ಇಲ್ಲ. ಒಂದು ನಲವತ್ತೈದು, ಇಲ್ಲ. ಎರಡು ಇಪ್ಪತ್ತು.”

ಚೀಟಿ ತಿರುವಿ ಹಿಂದೆ ನೋಡಿದ. ಅಲ್ಲಿ ಏನೂ ಇರಲಿಲ್ಲ.

“ಎರಡು ಇಪ್ಪತ್ತರ ಮುಂದ ಏನೂ ಬರದಿಲ್ರಿ,” ಎಂದ ನನಗೆ.

ಅಡಿಗೆಮನೆಯ ಬಾಗಿಲಲ್ಲಿ ರಂಜನಾ ಚಹಾದ ತಟ್ಟೆ ಹಿಡಿದು ನಿಂತವಳು ಹಾಗೆಯೇ ನಿಂತಿದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ.

ಗುರಪ್ಪನ ದನಿಯಲ್ಲಿ ಸಿಟ್ಟಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು. ಅವನು ತನ್ನ ಕೆಲಸದ ಮಾತು ಕೇಳುವಂತೆ ಕೇಳಿದ. “ಹೊರ್ತಿ ಊರಾಗ ನೀರ ಸಿಗಲಿಲ್ಲೇನ್ರಿ ಸರ?”

ವಲ್ಲಭ ಖುರ್ಚಿ ಎಳೆದು ಕೂತ.

“ಸಿಕ್ಕಿತ್ತು,” ಎಂದ. “ಅಂಗಡ್ಯಾಗ ಎರಡು ಬಾಟ್ಲಿ ತಗೊಂಡಿದ್ದೆ. ಹತ್ತು ನಿಮಿಷದಾಗ ತಿರುಗಿ ಹೋಗೂದಿತ್ತು. ಆಕಿ ಫೋನೂ ಕಾರಿನ್ಯಾಗ ಚಾರ್ಜಿಗೆ ಇತ್ತು.”

“ಮತ್ತ?”

“ಅಂಗಡಿ ಮುಂದ ನಿಂತಾಗ ಫೋನ್ ಬಂತು. ಮನೀಗೆ ಬಾ ಅಂತ. ಒಂದು ತಾಸಿನ ಮಾತು, ಮುಗಿಸಿ ಓಡಿ ಬರ್ತೇನಿ ಅಂದ್ಕೊಂಡೆ. ಆಕಿ ಹತ್ರ ಛತ್ರಿ ಇತ್ತು. ಮಡ್ಡಿ ಕಡೆ ಹೊರಳೂದು ಬಿಟ್ಟು ಕಾರು ಇಂಡಿ ಕಡೆ ಹೊರಳಿಸಿದೆ. ಇಲ್ಲಿ ಬಂದ ಮ್ಯಾಲ ಮಡಿ ಉಟ್ಟು ಕೂತೆ, ನಡುವ ಏಳ್ಲಿಕ್ಕೆ ಆಗಲಿಲ್ಲ. ನೀರಿನ ಬಾಟ್ಲಿ ಕಾರಿನ್ಯಾಗ ಉಳದ್ವು.”

“ಎಷ್ಟಕ್ಕ ಬಂತು ಫೋನು?” ಎಂದು ಸುನೀಲಕುಮಾರ ಕೇಳಿದ.

“ಹನ್ನೆರಡು ನಲವತ್ತಕ್ಕ.”

“ಯಾರ್ದು?”

ವಲ್ಲಭ ತಲೆಯೆತ್ತಿ ನನ್ನನ್ನು ನೋಡಿದ. ಬಂದಾಗಿನಿಂದ ಅವನು ನನ್ನ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ, ಈಗ ಕೊಟ್ಟ. ಆ ನೋಟದಲ್ಲಿ ದೂರು ಇರಲಿಲ್ಲ. ನೀನು ಸುಮ್ಮನಿರು ಎಂಬಂತೆ ನೋಡಿದ.

ಆಗ ನನಗೆ ನೆನಪಾಯಿತು.

ಅವತ್ತು ಇದೇ ಮನೆಯ ಅಡಿಗೆಮನೆಯಲ್ಲಿ ನಿಂತು ನಾನು ಉರಿದುಬಿದ್ದಿದ್ದೆ. ಎಲೆ ಹಾಕಿ ಆಗಿತ್ತು, ಬ್ರಾಹ್ಮಣರು ಬಂದು ಕೂತಿದ್ದರು, ಹನ್ನೊಂದಕ್ಕೆ ಬರುತ್ತೇನೆಂದು ಹೋದ ವಲ್ಲಭನ ಸುಳಿವಿರಲಿಲ್ಲ. ಕಾಲೇಜಿನ ಕೆಲಸ ಎಂದು ಹೋಗಿದ್ದ, ಎಲ್ಲಿಗೆಂದು ಯಾರೂ ಕೇಳಿರಲಿಲ್ಲ. ರಂಜನಾ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದಳು, ಮಡಿಯಲ್ಲಿದ್ದೆನಲ್ಲ, ನಾನು ಮುಟ್ಟುವಂತಿರಲಿಲ್ಲ. ಅವನು ಏನೋ ಹೇಳಲು ಹೊರಟ. ಮಾವಶಿ, ಅರ್ಧಾ ತಾಸು, ಇಲ್ಲಿ ಒಬ್ರು... ಎಂದ. ನಾನು ಬಿಡಲಿಲ್ಲ. ಹೆತ್ತ ತಾಯಿಯ ತಿಥಿಗಿಂತ ನಿನಗೆ ಇರುವೆ ಹೆಚ್ಚಾಯಿತೇನು, ಒಂದು ನಿಮಿಷ ತಡ ಮಾಡಿದರೆ ನನ್ನ ಮುಖ ನೋಡಬೇಡ ಎಂದೆ. ಅಂದು, ಇಡು ಎಂದು ರಂಜನಾಗೆ ಕಣ್ಣು ಮಾಡಿದೆ. ಬೈದ ಮಾತು ಯಾರು ನೆನಪಿಡುತ್ತಾರೆ? ಸಾರು ಇಳಿಸುವಷ್ಟರಲ್ಲಿ ಮರೆತಿದ್ದೆ.

ಅಲ್ಲಿ ಒಬ್ಬರು ಯಾರು ಎಂದು ನಾನು ಕೇಳಲಿಲ್ಲ.

ರಂಜನಾ ತಟ್ಟೆಯನ್ನು ನೆಲಕ್ಕೆ ಇಟ್ಟಳು. ಅವಳಿಗೂ ತಿಳಿದಿತ್ತು. ಅವಳೂ ನನ್ನನ್ನೇ ನೋಡುತ್ತಿದ್ದಳು.

“ಯಾರ್ದು ಫೋನು, ಸರ್?” ಸುನೀಲಕುಮಾರನ ಪೆನ್ನು ವಹಿಯ ಮೇಲೆ ಕಾಯುತ್ತಿತ್ತು. “ನೀವು ಹೇಳದಿದ್ರ ಸೋಮವಾರ ಕಂಪನಿಯಿಂದ ತಗಸ್ತೇನಿ. ಈಗ ಹೇಳಿದ್ರ ಚಲೋ.”

“ನೆನಪಿಲ್ಲ,” ಎಂದ ವಲ್ಲಭ.

ಗುರಪ್ಪ ಚೀಟಿಯನ್ನು ಮಡಚಲಿಲ್ಲ, ಅಂಗೈ ಮೇಲೆ ಹರವಿಕೊಂಡೇ ನನ್ನ ಹತ್ತಿರ ಬಂದ. ಇಷ್ಟು ವರ್ಷದಲ್ಲಿ ಅವನು ನನಗೆ ಅಷ್ಟು ಹತ್ತಿರ ಬಂದು ನಿಂತಿರಲಿಲ್ಲ.

“ನೀವ ಕೇಳ್ರಿ ಬಾಯಾರ,” ಎಂದ. “ನಿಮ್ಮ ಮುಂದ ಅವ್ರು ಸುಳ್ಳ ಹೇಳೂದಿಲ್ಲ.”